ಪಾಸ್ಟರ್ ಸಂಬಳ ಯಾರ ಕೈಯಲ್ಲಿ?

ಪಾಸ್ಟರ್‌ಗಳು ಚರ್ಚ್ ಬಿಟ್ಟು ಹೋಗೋದ್ಯಾಕೆ? ನಾನು ಓದಿದ್ದು ಕಾಮರ್ಸ್, ಹಾಗಾಗಿ ಮೊದಲು ಸಂಬಳದ ಲೆಕ್ಕ ನೋಡ್ತೀನಿ.

ಜೊನಾಥನ್ ಎಡ್ವರ್ಡ್ಸ್ 1727ರಲ್ಲಿ ಅಮೆರಿಕದ ನಾರ್ಥಾಂಪ್ಟನ್‌ನಲ್ಲಿ ಸೇವೆಗೆ ಸೇರಿದರು. ದೊಡ್ಡ ಹೆಸರು ಮಾಡಿದ ಪ್ರಸಂಗಿ. ಆದರೆ ಅವರ ಸಂಬಳ ಗೊತ್ತುಮಾಡ್ತಿದ್ದವರು ಆ ಪ್ರಸಂಗ ಕೇಳ್ತಿದ್ದ ಊರವರೇ. ಬೆಲೆ ಏರಿತು, ಇವರು ಹೆಚ್ಚು ಕೇಳಿದ್ರು. ಊರಿನ ಕಣ್ಣು ಇವರ ಮನೆಖರ್ಚಿನ ಮೇಲೆ ಬಿತ್ತು. ಆಮೇಲೆ, ಕರ್ತನ ಭೋಜನದಲ್ಲಿ ಯಾರು ಪಾಲ್ಗೊಳ್ಳಬಹುದು ಅನ್ನೋ ನಿಯಮವನ್ನ ಇವರು ಬಿಗಿಮಾಡಲು ಹೊರಟರು. 1750ರಲ್ಲಿ ಸಭೆ ಮತ ಹಾಕಿ ಇವರನ್ನ ತೆಗೆದುಹಾಕಿತು. ಬೇರೆಯವರು ಸಿಗದಿದ್ದಾಗ, ಅದೇ ಸಭೆ ಇವರಿಂದಲೇ ಕೆಲಕಾಲ ಪ್ರಸಂಗ ಮಾಡಿಸಿತು!

ಜಗಳಕ್ಕೆ ಇಟ್ಟ ಹೆಸರು ಸಿದ್ಧಾಂತ. ಆದರೆ ಸಂಬಳ, ಅಧಿಕಾರದ ಮಾತು ಮೊದಲೇ ಇತ್ಯರ್ಥ ಆಗದಿದ್ರೆ, ಒಂದು ಭಿನ್ನಾಭಿಪ್ರಾಯ ಬಂದ ದಿನ ಹಳೇ ಬಾಕಿಯೆಲ್ಲ ಒಟ್ಟಿಗೆ ವಸೂಲಿಗೆ ಬರುತ್ತೆ.