ನಾ ಗಿಡ್ಡೋ, ಸೈಕಲ್ ದೊಡ್ಡದೋ?

ಮಕ್ಕಳೇ, ನಮ್ಮ ಚಪಳಗಾಂವದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ತೋಟದ ವಸ್ತಿಯಿಂದ ದಿನಾ ಅಣ್ಣನ ಸೈಕಲ್ ಮೇಲೆ ಶಾಲೆಗೆ ಬರ್ತಾಳೆ. ಸೈಕಲ್ ಅಂದ್ರ ಹಳೇ 28 ಇಂಚಿನ ಗಂಡಸರ ಸೈಕಲ್. ಆಕೆಯ ಎತ್ತರ 150 ಸೆಂ.ಮೀ. ನಿಲ್ಲಿಸಬೇಕಾದಾಗ ಕಟ್ಟೆಯೋ ಕಲ್ಲೋ ಹುಡುಕಬೇಕು, ಸಿಗದಿದ್ದರೆ ಬೀಳಬೇಕು. ಎರಡು ಸಲ ಬಿದ್ದಾಳೆ. ಮೊಣಕಾಲು ನೋವು ಬೇರೆ. ಮನೆಯಲ್ಲಿ "ಸೈಕಲ್ ಬ್ಯಾಡ, ಸಾಲಿನೂ ಬ್ಯಾಡ" ಅನ್ನುವ ಮಾತು ಶುರುವಾಗಿತ್ತು. ಇದರ ನಡುವೆ ಆಕೆ ಯಾರದೋ ಮೊಬೈಲಿನಲ್ಲಿ ಟ್ರಯಾಥ್ಲಾನ್ ಸ್ಪರ್ಧೆಯ ವಿಡಿಯೋ ನೋಡಿ, ಒಂದಿನ ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತು ಕೇಳಿದಳು: "ಸರ್, ಬಾವ್ಯಾಗ ಈಸ್ತೀನಿ, ಓಡ್ತೀನಿ. ಆದ್ರ ಆ ಸೈಕಲ್ ನನಗ ಬರ್ತದೇನ್ರಿ? ನಾ ಗಿಡ್ಡ ಅದೀನಿ."

ಟ್ರಯಾಥ್ಲಾನ್ ಅಂದರೆ ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೆ ಒಂದು ಮಾಡುವ ಸ್ಪರ್ಧೆ. ಒಲಿಂಪಿಕ್ಸ್‌ನಲ್ಲಿ 1.5 ಕಿ.ಮೀ ಈಜು, 40 ಕಿ.ಮೀ ಸೈಕಲ್, 10 ಕಿ.ಮೀ ಓಟ. 2000ರ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಇದು ಮೊದಲ ಬಾರಿ ಸೇರಿತು, ಹೆಣ್ಣುಮಕ್ಕಳಿಗೂ ಆಗಲೇ. ಇದಕ್ಕಿಂತ ದೊಡ್ಡದು ಐರನ್‌ಮ್ಯಾನ್. ಅದು 1978ರಲ್ಲಿ ಹವಾಯಿ ದ್ವೀಪದಲ್ಲಿ ಶುರುವಾದಾಗ ಎಲ್ಲರೂ ಗಂಡಸರೇ. ಮರುವರ್ಷ ಲಿನ್ ಲೆಮೇರ್ ಎಂಬ ಒಬ್ಬಳೇ ಹೆಣ್ಣುಮಗಳು ಇಳಿದು, ಎಲ್ಲರ ಲೆಕ್ಕದಲ್ಲಿ ಐದನೆಯವಳಾಗಿ ಮುಗಿಸಿದಳು. ನಮಗೆ ಹತ್ತಿರದ್ದೆಂದರೆ ಗೋವಾ: 2019ರಲ್ಲಿ ಪಣಜಿಯಲ್ಲಿ ಅರ್ಧ ಐರನ್‌ಮ್ಯಾನ್ ನಡೆಯಿತು. ಅದರಲ್ಲಿ ಸೈಕಲ್ ಭಾಗವೇ 90 ಕಿ.ಮೀ. ಮೂರರಲ್ಲಿ ಹೆಚ್ಚು ಹೊತ್ತು ಕಳೆಯುವುದು ಸೈಕಲ್ ಮೇಲೆ. ಹಾಗಾಗಿ ಸೈಕಲ್ ಮೈಗೆ ಕೂಡದಿದ್ದರೆ ಈಜು, ಓಟ ಎಷ್ಟು ಚೆನ್ನಾಗಿದ್ದರೂ ಕಷ್ಟ.

ಆಕೆಯ ಪ್ರಶ್ನೆಗೆ ಉತ್ತರ ಕೊಡುವ ಮೊದಲು ವರಾಂಡದಲ್ಲಿ ಟೇಪು ಹಿಡಿದು ಅಳೆದೆವು. ನೀವೂ ಅಳೀರಿ. ಚಪ್ಪಲಿ ಬಿಟ್ಟು ಗೋಡೆಗೆ ಬೆನ್ನು ಹಚ್ಚಿ ನಿಲ್ಲಬೇಕು. ಎರಡು ಕಾಲುಗಳ ನಡುವೆ ಗಟ್ಟಿ ಹೊದಿಕೆಯ ಪುಸ್ತಕ ನಿಲ್ಲಿಸಿ, ಸೀಟಿನ ಮೇಲೆ ಕೂತಂತೆ ಆಗುವವರೆಗೆ ಮೇಲೆತ್ತಬೇಕು. ಪುಸ್ತಕದ ಮೇಲಂಚಿನಿಂದ ನೆಲದವರೆಗಿನ ಅಳತೆಯೇ ಕಾಲಿನ ಒಳ ಉದ್ದ. ಹುಡುಗಿಯರು ಹುಡುಗಿಯರೇ ಸೇರಿ ಅಳೆದುಕೊಳ್ಳಿರಿ. ನಮ್ಮ ಹುಡುಗಿಯದು 70 ಸೆಂ.ಮೀ ಬಂತು.

ಈಗ ಅಣ್ಣನ ಸೈಕಲ್. ನಡುವಿನ ದಾಂಡಿ ನೆಲದಿಂದ 83 ಸೆಂ.ಮೀ. ಒಳಗಾಲು 70. ಅಂದ್ರ ದಾಂಡಿಯ ಎರಡೂ ಕಡೆ ಕಾಲಿಟ್ಟು ಆಕೆ ನಿಲ್ಲುವುದು ಸಾಧ್ಯವೇ ಇಲ್ಲ. ಬೀಳುವುದಕ್ಕೆ ಕಾರಣ ಅಂಜಿಕೆ ಅಲ್ಲ, 13 ಸೆಂ.ಮೀ. ನಾನೂ ಸಣ್ಣವನಿದ್ದಾಗ ದಾಂಡಿ ಕೆಳಗೆ ಒಂದು ಕಾಲು ತೂರಿಸಿ ಒಳಪೆಡಲ್ ಹೊಡೆದವನೇ. ಹುಡುಗರು ಹಾಗೆ ಹೊಡೆದರೆ ಊರು ನಗುತ್ತದೆ, ಹುಡುಗಿ ಹೊಡೆದರೆ ಊರು ಬೈಯುತ್ತದೆ. ಅಳತೆ ಮಾತ್ರ ಇಬ್ಬರಿಗೂ ಒಂದೇ.

ಇನ್ನು ಸೀಟಿನ ಎತ್ತರ. ಸೈಕಲ್ ಪಟುಗಳು ಬಳಸುವ ಒಂದು ಸರಳ ಲೆಕ್ಕ ಇದೆ: ಒಳಗಾಲಿನ ಉದ್ದವನ್ನು 0.883ರಿಂದ ಗುಣಿಸಿದರೆ, ಪೆಡಲ್ ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗದವರೆಗೆ ಇರಬೇಕಾದ ದೂರ ಸಿಗುತ್ತದೆ. 70ಕ್ಕೆ 61.8 ಸೆಂ.ಮೀ. ಅಣ್ಣನ ಸೈಕಲ್ಲಿನ ಸೀಟನ್ನು ಪಾನಾ ಹಾಕಿ ಪೂರ್ತಿ ಕೆಳಗಿಳಿಸಿದರೂ 66. ಹೀಗಾಗಿ ಆಕೆ ಪ್ರತಿ ಸುತ್ತಿಗೂ ಸೊಂಟವನ್ನು ಎಡಕ್ಕೆ ಬಲಕ್ಕೆ ಹೊರಳಿಸಿ ಪೆಡಲ್ ಮುಟ್ಟುತ್ತಿದ್ದಳು. ನೋವು ಮೊಣಕಾಲಿನ ಹಿಂದೆ ಇದೆಯೋ ಮುಂದೆಯೋ ಅಂತ ಕೇಳಿದೆ. "ಹಿಂದ್ರಿ" ಅಂದಳು. ಸೀಟು ಬಹಳ ಎತ್ತರವಾದರೆ ಸಾಮಾನ್ಯವಾಗಿ ಹಿಂದೆ ನೋಯುತ್ತದೆ, ಬಹಳ ತಗ್ಗಾದರೆ ಮುಂದೆ ಮಂಡಿಚಿಪ್ಪಿನ ಹತ್ತಿರ. ಪೆಡಲ್ ಕೆಳಗೆ ಬಂದಾಗ ಮೊಣಕಾಲು ಪೂರ್ತಿ ನೆಟ್ಟಗಾಗದೆ 25ರಿಂದ 35 ಡಿಗ್ರಿ ಮಡಚಿರಬೇಕು. ಕೋನಮಾಪಕ ಇಲ್ಲದಿದ್ದರೆ ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ನೋಡ್ರಿ: ಕಾಲು ಆಗ ನೆಟ್ಟಗಾದರೆ, ಪಾದದ ಮುಂಭಾಗದಿಂದ ತುಳಿಯುವಾಗ ಬೇಕಾದಷ್ಟು ಮಡಿಕೆ ತಾನೇ ಬರುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಸೀಟು ಸರಿಯಾದ ಎತ್ತರದಲ್ಲಿದ್ದರೆ, ಕೂತಲ್ಲಿಂದ ಎರಡೂ ಪಾದ ನೆಲಕ್ಕೆ ಪೂರ್ತಿ ತಾಗುವುದಿಲ್ಲ. ಅದು ತಪ್ಪಲ್ಲ. ನಿಲ್ಲಿಸುವಾಗ ಸೀಟಿನಿಂದ ಮುಂದೆ ಜಾರಿ ನೆಲಕ್ಕೆ ಕಾಲಿಡಬೇಕು. ಹಾಗೆ ಜಾರಲು ದಾಂಡಿ ತಗ್ಗಿರಬೇಕು. ಕಾಲು ನೆಲಕ್ಕೆ ಮುಟ್ಟುವುದು ಬೇರೆ ಲೆಕ್ಕ, ಪೆಡಲ್‌ಗೆ ಮುಟ್ಟುವುದು ಬೇರೆ ಲೆಕ್ಕ. ಬಹಳ ಮಂದಿ ಎರಡನ್ನೂ ಕೂಡಿಸಿ, ನೆಲ ಮುಟ್ಟಲಿ ಅಂತ ಸೀಟು ಇಳಿಸಿ, ಮೊಣಕಾಲು ಕೆಡಿಸಿಕೊಳ್ಳುತ್ತಾರೆ.

ಲೇಡೀಸ್ ಸೈಕಲ್ ತಗೊಂಡರೆ ದಾಂಡಿಯ ತೊಂದರೆ ಮುಗಿಯಿತು. ಸೀರೆ, ಲಂಗಕ್ಕೆ ಅನುಕೂಲವಾಗಲಿ ಅಂತ ಅದರ ಪೈಪನ್ನು ಕೆಳಗೆ ಇಳಿಸಿದ್ದಾರೆ. ಕರ್ನಾಟಕದಲ್ಲಿ 2006-07ರಿಂದ ಎಂಟನೆಯ ತರಗತಿಯವರಿಗೆ ಕೊಟ್ಟ ಸೈಕಲ್ಲುಗಳಲ್ಲೂ ಹುಡುಗಿಯರಿಗೆ ಇದೇ ನಮೂನೆ. ಆದರೆ ಪೈಪು ಇಳಿಸಿದ ಮಾತ್ರಕ್ಕೆ ಸೈಕಲ್ ಸಣ್ಣದಾಗುವುದಿಲ್ಲ. ಇದನ್ನು ತಿಳಿಯಲು ಹತ್ತನೆಯ ತರಗತಿಯ ಸಮರೂಪತೆಯ ಪಾಠ ನೆನಪಿಸಿಕೊಳ್ಳಿರಿ.

180 ಸೆಂ.ಮೀ ಎತ್ತರದ ಮನುಷ್ಯನಿಗೆ ಸರಿಯಾಗಿ ಕೂಡುವ ರೇಸಿಂಗ್ ಸೈಕಲ್ ಇದೆ ಅಂತ ಇಟ್ಟುಕೊಳ್ರಿ. 150 ಸೆಂ.ಮೀ ಹುಡುಗಿಗೆ ಅದೇ ಸೈಕಲ್ ಬೇಕು. ಅನುಪಾತ 5/6. ಫೋಟೋ ಸಣ್ಣದು ಮಾಡಿದಂತೆ ಎಲ್ಲವೂ 5/6 ಆಗಬೇಕು. ರೇಸಿಂಗ್ ಗಾಲಿಯ ರಿಮ್ಮಿನ ಮೇಲೆ ಟೈರು ಕೂಡುವ ಜಾಗದ ವ್ಯಾಸ 622 ಮಿ.ಮೀ, 25 ಮಿ.ಮೀ ಟೈರು ಸೇರಿ 672. ಅದರ 5/6 ಅಂದರೆ 560. ಪೆಡಲಿನ ತೋಳು, ಅಂದರೆ ಕ್ರ್ಯಾಂಕ್, 170 ಮಿ.ಮೀ. ಅದರ 5/6 ಸುಮಾರು 142. ಅಂಗಡಿಯಲ್ಲಿ ಸಿಗುವುದೇನು? ಫ್ರೇಮು ಸಣ್ಣದಿರುತ್ತದೆ, ಗಾಲಿ ಅದೇ 672, ಕ್ರ್ಯಾಂಕ್ 165 ಅಥವಾ 170. ಮಗುವಿಗೆ ಅಂಗಿ ಸಣ್ಣದು ಹೊಲಿದು ತೋಳು ಮಾತ್ರ ಅಪ್ಪನ ಅಳತೆಗೆ ಬಿಟ್ಟಂಗಾತು.

ದೊಡ್ಡ ಗಾಲಿಯಿಂದ ಏನು ತೊಂದರೆ? ಸಣ್ಣ ಫ್ರೇಮಿನಲ್ಲಿ ಮುಂದಿನ ಗಾಲಿ ಪೆಡಲಿಗೆ ಬಹಳ ಹತ್ತಿರ ಬರುತ್ತದೆ. ತಿರುವಿನಲ್ಲಿ ಹ್ಯಾಂಡಲ್ ಹೊರಳಿಸಿದಾಗ ಕಾಲ್ಬೆರಳು ಗಾಲಿಗೆ ಬಡಿಯುತ್ತದೆ. ಎರಡನೆಯದು, ಹ್ಯಾಂಡಲ್ ಗಾಲಿಯ ಮೇಲೆಯೇ ಇರಬೇಕಲ್ಲ, ಗಾಲಿ ದೊಡ್ಡದಾದಷ್ಟು ಹ್ಯಾಂಡಲ್ ಎತ್ತರ. ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರ್ ಜಾರ್ಜಿನಾ ಟೆರಿ ಇದಕ್ಕೆ ಸರಳ ಉಪಾಯ ಮಾಡಿದಳು. 1985ರಲ್ಲಿ ಹೆಣ್ಣುಮಕ್ಕಳಿಗಾಗಿಯೇ ಸೈಕಲ್ ಕಂಪನಿ ತೆರೆದು, ಹಿಂದಿನ ಗಾಲಿ ಮಾಮೂಲಿನದು, ಮುಂದಿನದು ಮಾತ್ರ 24 ಇಂಚಿನದು ಇಟ್ಟಳು. ನೋಡಲು ವಿಚಿತ್ರ, ಆದರೆ ಗಿಡ್ಡ ಹೆಣ್ಣುಮಕ್ಕಳಿಗೆ ಕೂಡುವಂಥದು. ಟ್ರಯಾಥ್ಲಾನ್ ಸೈಕಲ್ಲುಗಳಲ್ಲಿ ಇನ್ನೊಂದು ದಾರಿ ಬಂತು: ಎರಡೂ ಗಾಲಿ ಸಣ್ಣವು, ರಿಮ್ 571 ಮಿ.ಮೀ, ಟೈರು ಸೇರಿ ಸುಮಾರು 617. ನಮ್ಮ 560ಕ್ಕೂ ಮಾರುಕಟ್ಟೆಯ 672ಕ್ಕೂ ನಟ್ಟನಡುವೆ. ಗಿಡ್ಡ ಸವಾರರು ಇಂಥದನ್ನು ಈಗಲೂ ಹುಡುಕುತ್ತಾರೆ. ಆದರೆ ಇದರ ಟೈರು, ಟ್ಯೂಬು ಸಿಗುವುದು ಕಷ್ಟ.

ಇಲ್ಲಿ ಇಂಚಿನ ಹೆಸರು ನಂಬಬ್ಯಾಡ್ರಿ. ಲೇಡೀಸ್ ಸೈಕಲ್ಲಿನ "26" ಗಾಲಿಯ ಟೈರಿನ ಮೇಲೆ 37-590 ಅಂತ ಬರೆದಿರುತ್ತದೆ. 590ಕ್ಕೆ ಎರಡು ಸಲ 37 ಕೂಡಿಸಿದರೆ 664. ರೇಸಿಂಗ್ ಗಾಲಿಗಿಂತ ಬರೀ 8 ಮಿ.ಮೀ ಸಣ್ಣದು! ಹೆಸರು 26, ಗಾತ್ರ ಹೆಚ್ಚುಕಡಿಮೆ ಅದೇ.

ಈಗ ಕ್ರ್ಯಾಂಕ್. ನನ್ನ ಲೆಕ್ಕದಲ್ಲಿ ಇದು ಎಲ್ಲಕ್ಕಿಂತ ದೊಡ್ಡ ವಿಷಯ, ಅಂಗಡಿಯಲ್ಲಿ ಯಾರೂ ಕೇಳದ ವಿಷಯ. 17 ಸೆಂ.ಮೀ ಕ್ರ್ಯಾಂಕಿನಲ್ಲಿ ಪೆಡಲ್ ಮೇಲಿನಿಂದ ಕೆಳಕ್ಕೆ 34 ಸೆಂ.ಮೀ ಚಲಿಸುತ್ತದೆ. ಒಳಗಾಲು 84 ಇದ್ದವನಿಗೆ ಅದು ಕಾಲಿನ ನೂರಕ್ಕೆ 40 ಭಾಗ, 70 ಇದ್ದವಳಿಗೆ 49. ದೊಡ್ಡ ಮೆಟ್ಟಿಲು ಹತ್ತಿದಂತೆ ಪ್ರತಿ ಸುತ್ತಿಗೂ ಮೊಣಕಾಲು ಎತ್ತಬೇಕು. ಟ್ರಯಾಥ್ಲಾನ್‌ನಲ್ಲಂತೂ ಸವಾರರು ಮೊಣಕೈಯನ್ನು ಹ್ಯಾಂಡಲ್ ಮೇಲಿಟ್ಟು ಮುಂದೆ ಬಾಗಿರುತ್ತಾರೆ. ಮೊಣಕಾಲು ಹೊಟ್ಟೆಗೆ ಬಡಿಯುತ್ತದೆ, ಉಸಿರು ಕಟ್ಟುತ್ತದೆ. ಕ್ರ್ಯಾಂಕ್ 2 ಸೆಂ.ಮೀ ಕಡಿಮೆ ಮಾಡಿದರೆ ಪೆಡಲಿನ ತುದಿ ಮೇಲ್ಗಡೆ 2 ಸೆಂ.ಮೀ ಇಳಿಯಿತು. ಕೆಳಗಡೆ 2 ಸೆಂ.ಮೀ ಏರಿತು, ಅದಕ್ಕೆ ಸೀಟನ್ನೂ 2 ಏರಿಸಬಹುದು. ಮೊಣಕಾಲಿಗೆ ಒಟ್ಟು 4 ಸೆಂ.ಮೀ ಜಾಗ ಸಿಕ್ಕಿತು.

"ಸನ್ನೆಕೋಲು ಗಿಡ್ಡಾದ್ರ ಜೋರು ಹೆಚ್ಚ ಹಾಕಬೇಕಲ್ರಿ ಸರ್?" ಅಂತ ಆಕೆ ಕೇಳಿಯೇಬಿಟ್ಟಳು. ಹೌದು, ಗೇರು ಹಾಗೇ ಬಿಟ್ಟರೆ. 17ರ ಬದಲು 15 ಆದರೆ ಬಲ ನೂರಕ್ಕೆ 13 ಹೆಚ್ಚು ಬೇಕು. ಆದರೆ ಮುಂದಿನ ಹಲ್ಲಿನ ಚಕ್ರವನ್ನು 44 ಹಲ್ಲಿನಿಂದ 39ಕ್ಕೆ ಇಳಿಸಿರಿ: ಬಲ ಮೊದಲಿನಷ್ಟೇ ಆಗುತ್ತದೆ. ಸುತ್ತು ಹೆಚ್ಚಾದರೂ ಪ್ರತಿ ಸುತ್ತು ಸಣ್ಣದು, ಪಾದದ ವೇಗ ಅದೇ. ಕೆಲಸ ಅಂದರೆ ಬಲ ಗುಣಿಸು ದೂರ ಅಂತ ಕಲಿತಿದ್ದೀರಲ್ಲ, ಅದು ಇಲ್ಲಿದೆ. 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮಾರ್ಟಿನ್ ಮತ್ತು ಸ್ಪಿರ್ಡುಸೊ ಎಂಬ ಸಂಶೋಧಕರು 12ರಿಂದ 22 ಸೆಂ.ಮೀವರೆಗೆ ಐದು ಅಳತೆಯ ಕ್ರ್ಯಾಂಕ್ ಹಾಕಿ, 16 ಸೈಕಲ್ ಪಟುಗಳ ಗರಿಷ್ಠ ಸಾಮರ್ಥ್ಯ ಅಳೆದರು. ಎಲ್ಲಕ್ಕಿಂತ ಒಳ್ಳೆಯದಕ್ಕೂ ಕೆಟ್ಟದಕ್ಕೂ ನಡುವಿನ ವ್ಯತ್ಯಾಸ ನೂರಕ್ಕೆ 4ರಷ್ಟು ಮಾತ್ರ. ಉದ್ದ ಕ್ರ್ಯಾಂಕ್ ಇದ್ದರೇ ಜೋರು ಅನ್ನುವುದು ಅಷ್ಟೇನೂ ನಿಜವಲ್ಲ.

ಬಾಗಿ ಕೂಡುವುದು ಯಾಕೆ ಬೇಕು? ಗಾಳಿಗಾಗಿ. ವೇಗ ಗಂಟೆಗೆ 20 ಕಿ.ಮೀ ಇದ್ದದ್ದು 30 ಆದರೆ ಗಾಳಿಯ ತಡೆ 2.25 ಪಟ್ಟು, ಅದನ್ನು ದಾಟಲು ಬೇಕಾಗುವ ಸಾಮರ್ಥ್ಯ ಸುಮಾರು 3.4 ಪಟ್ಟು. ಆ ತಡೆಯಲ್ಲಿ ಹೆಚ್ಚಿನ ಪಾಲು ಸೈಕಲ್ಲಿನದಲ್ಲ, ನಮ್ಮ ಮೈಯದು. ಹ್ಯಾಂಡಲ್ ಎತ್ತರದಲ್ಲಿ ಸಿಕ್ಕಿಕೊಂಡ ಗಿಡ್ಡ ಸವಾರಳು ಎದೆಯೊಡ್ಡಿ ಗಾಳಿ ತಡೆಯುತ್ತಾಳೆ.

ಹಾಗಾದರೆ ಸೈಕಲ್ ಆರಿಸುವಾಗ ಯಾವ ಅಳತೆ ನೋಡಬೇಕು? "49ರ ಸೈಜು", "ಸ್ಮಾಲ್" ಅನ್ನುವ ಹೆಸರು ನೆಚ್ಚಬೇಡಿರಿ. ಕಂಪನಿಗಳು ಮೇಲಿನ ಪೈಪು ಗಿಡ್ಡ ಮಾಡಲು ಸೀಟಿನ ಪೈಪನ್ನು ಇನ್ನಷ್ಟು ನೆಟ್ಟಗೆ ನಿಲ್ಲಿಸುತ್ತವೆ. 60 ಸೆಂ.ಮೀ ತ್ರಿಜ್ಯದಲ್ಲಿ 1 ಡಿಗ್ರಿ ಹೊರಳಿದರೆ ಕಂಸ ಸುಮಾರು 1 ಸೆಂ.ಮೀ, ಲೆಕ್ಕ ಮಾಡಿ ನೋಡ್ರಿ. ಕಾಗದದ ಮೇಲೆ ಪೈಪು 1 ಸೆಂ.ಮೀ ಗಿಡ್ಡಾಯಿತು, ಹ್ಯಾಂಡಲ್ ಇದ್ದಲ್ಲೇ ಇದೆ! ಅದಕ್ಕೇ ಗ್ರಾಫ್ ಹಾಳೆಯ ಉಪಾಯ: ಪೆಡಲಿನ ಅಚ್ಚು ಮೂಲಬಿಂದು. ಅಲ್ಲಿಂದ ಹ್ಯಾಂಡಲ್ ಕೂಡುವ ಪೈಪಿನ ತಲೆಯವರೆಗೆ ಎಕ್ಸ್ ಎಷ್ಟು, ವೈ ಎಷ್ಟು? ಎಕ್ಸ್‌ಗೆ ರೀಚ್, ವೈಗೆ ಸ್ಟ್ಯಾಕ್ ಅನ್ನುತ್ತಾರೆ. ಕಂಪನಿಯ ಪಟ್ಟಿಯಲ್ಲಿ ಇವೆರಡು ಇರುತ್ತವೆ. ಗಿಡ್ಡ ಇದ್ದವರು ಎರಡೂ ಕಡಿಮೆ ಇರುವುದನ್ನು ಹುಡುಕಬೇಕು. ಆಮೇಲೆ ಕ್ರ್ಯಾಂಕ್ ಕೇಳಬೇಕು, ಬ್ರೇಕಿನ ಹಿಡಿಕೆಗೆ ಬೆರಳು ಮುಟ್ಟುತ್ತದೋ ನೋಡಬೇಕು. ಬಣ್ಣ ಕೊನೆಗೆ.

ಇಂಥ ಸೈಕಲ್ಲಿಗೆ ಲಕ್ಷಗಟ್ಟಲೆ ಬೆಲೆ ಇದೆ, ಅದನ್ನೂ ಆಕೆಗೆ ಹೇಳಿದೆ. ಸದ್ಯ ಅಷ್ಟು ದೂರದ ಮಾತು ಬೇಡ ಅಂತ ಮನೆಯವರನ್ನು ಕರೆಸಿ ಅದೇ ಟೇಪು, ಅದೇ ಅಂಕಿ ತೋರಿಸಿದೆವು. ಅಪ್ಪ ಸುಮ್ಮನೆ ನೋಡಿ, "ಹಂಗಾದ್ರ ತಪ್ಪು ಸೈಕಲ್ಲಿಂದು ಅನ್ರಿ" ಅಂದರು. ಅಕ್ಕಲಕೋಟೆಯಲ್ಲಿ ಹಳೆಯ ಲೇಡೀಸ್ ಸೈಕಲ್ ಒಂದು ಸಿಕ್ಕಿತು. ಸೀಟು 62 ಸೆಂ.ಮೀಗೆ ಕಟ್ಟಿದೆವು. ಕ್ರ್ಯಾಂಕ್ ಮಾತ್ರ 17, ಸಣ್ಣದಕ್ಕಾಗಿ ಹುಡುಕುತ್ತಿದ್ದೇವೆ. ಮಕ್ಕಳ ಸೈಕಲ್ಲಿನ 15ರದ್ದು ಕೂಡುತ್ತದೋ ಅಂತ ಮಿಸ್ತ್ರಿ ನೋಡುತ್ತೇನೆ ಅಂದಿದ್ದಾನೆ. ಮೊಣಕಾಲಿನ ಹಿಂದಿನ ನೋವು ಎರಡು ವಾರದಲ್ಲಿ ಕಡಿಮೆಯಾಯಿತು. ಆಕೆ ಇನ್ನೂ ಬೆಳೆಯುವ ವಯಸ್ಸಿನವಳು, ಆರು ತಿಂಗಳಿಗೊಮ್ಮೆ ಮತ್ತೆ ಅಳೆಯಬೇಕು.

ನಿಮ್ಮ ತರಗತಿಯಲ್ಲಿ ಸೈಕಲ್ ಮೇಲೆ ಬರುವವರ ಒಳಗಾಲು, ಈಗಿನ ಸೀಟಿನ ಎತ್ತರ, ಕ್ರ್ಯಾಂಕಿನ ಉದ್ದ ಮೂರನ್ನೂ ಅಳೆದು ಒಂದು ಕೋಷ್ಟಕ ಮಾಡಿರಿ, ಹೆಸರು ಬರೆಯುವುದು ಬೇಡ. ಸೀಟು ಏರಿಸುವಾಗ ಅದರ ಪೈಪಿನ ಮೇಲಿನ ಕೊನೆಯ ಗೆರೆ ದಾಟಿಸಬ್ಯಾಡ್ರಿ. ಕೋಷ್ಟಕವನ್ನು ನಿಮ್ಮ ವಿಜ್ಞಾನ ಶಿಕ್ಷಕರ ಕೈಯಲ್ಲಿ ಕಳಿಸಿಕೊಟ್ಟರೆ, ಮುಂದಿನ ಸಂಚಿಕೆಯಲ್ಲಿ ಎಲ್ಲ ಶಾಲೆಗಳದನ್ನೂ ಕೂಡಿಸಿ ನೋಡೋಣ.