ನೆಲ ಒರೆಸುವ ಯಂತ್ರ: ಕೊಳ್ಳುವ ಮುನ್ನ ಕೆಲವು ಮಾತು

ದೀಪಾವಳಿಯ ಬೋನಸ್ಸು ಕೈಗೆ ಬರುವ ಕಾಲ ಹತ್ತಿರವಾದಂತೆ ನಮ್ಮ ವಾಚನಾಲಯದ ಬೆಂಚಿನ ಮೇಲೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತದೆ: ತಾನಾಗಿ ಓಡಾಡಿ ನೆಲ ಒರೆಸುವ ಆ ತಟ್ಟೆಯಂಥ ಯಂತ್ರವನ್ನು ಕೊಳ್ಳಬಹುದೇ, ಕೊಂಡರೆ ಯಾವುದನ್ನು? ಕೇಳುವವರಲ್ಲಿ ಹೆಚ್ಚಿನವರು ಮೊಣಕಾಲು ನೋವಿನ ತಾಯಂದಿರಿರುವ ಮನೆಯವರು. ಇಲ್ಲವೇ ಗಂಡಹೆಂಡಿರಿಬ್ಬರೂ ಬೆಳಗಿನ ಲೋಕಲ್ ಹಿಡಿಯಬೇಕಾದವರು. ಷೋಕಿಗೆ ಕೇಳುವವರು ಅಪರೂಪ. ಒಂದು ತಿಂಗಳ ಸಂಬಳ ಇಡಿಯಾಗಿ ನುಂಗಬಲ್ಲ ವಸ್ತುವಾದ್ದರಿಂದ ವಿಚಾರಿಸಿ ಕೊಳ್ಳುವುದೇ ಸರಿ. ನಾವು ಗಿರಣಿಯಲ್ಲಿ ಲೆಕ್ಕ ಬರೆಯುವವರೇ ಹೊರತು ಎಂಜಿನಿಯರರಲ್ಲ. ಆದರೂ ಇಬ್ಬರು ಸದಸ್ಯರ ಮನೆಗಳಲ್ಲಿ ಓಡುವ ಯಂತ್ರಗಳನ್ನು ಕುಳಿತು ನೋಡಿ, ಅಂಗಡಿಗಳಲ್ಲಿ ಕೇಳಿ, ಕಂಪನಿಯವರ ಪುಸ್ತಿಕೆಗಳನ್ನು ಓದಿ ತಿಳಿದುಕೊಂಡುದನ್ನು ವಾಚಕರ ಮುಂದಿಡುತ್ತಿದ್ದೇವೆ.

ಈ ಯಂತ್ರದ ವಂಶಾವಳಿ ಬಹಳ ಹಳೆಯದೇನಲ್ಲ. ಸ್ವೀಡನ್ನಿನ ಇಲೆಕ್ಟ್ರೊಲಕ್ಸ್ ಕಂಪನಿ 2001ರಲ್ಲಿ ಟ್ರೈಲೊಬೈಟ್ ಎಂಬ ಕಸ ಹೀರುವ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಮರುವರ್ಷವೇ ಅಮೆರಿಕದ ಐರೋಬಾಟ್ ಕಂಪನಿಯ ರೂಂಬಾ ಬಂತು. ನೀರು ಹಾಕಿ ನೆಲ ತೊಳೆಯುವ ಸ್ಕೂಬಾ 2005ರಲ್ಲಿ, ಬರೀ ಬಟ್ಟೆಯಿಂದ ಒರೆಸುವ ಮಿಂಟ್ 2010ರಲ್ಲಿ ಬಂದವು. ಇವು ಬಂದ ಊರುಗಳಲ್ಲಿ ಮನೆತುಂಬ ಜಮಖಾನೆ, ಅದರ ನಡುವೆ ಒಂದಿಷ್ಟು ಬರಿ ನೆಲ. ನಮ್ಮಲ್ಲಿಯೋ ಗೋಡೆಯಿಂದ ಗೋಡೆಗೆ ಗಟ್ಟಿ ನೆಲವೇ. ಆದುದರಿಂದ ಕಸ ಹೀರುವ ಶಕ್ತಿಗಿಂತ ಒರೆಸುವ ಬಗೆಯೇ ನಮಗೆ ಮುಖ್ಯ. ಜಾಹೀರಾತಿನವರು ಮಾತ್ರ ಹೀರುವ ಶಕ್ತಿಯನ್ನೇ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕುತ್ತಾರೆ. ಎಂಟು ಸಾವಿರ ಪಾಸ್ಕಲ್, ಇಪ್ಪತ್ತು ಸಾವಿರ ಪಾಸ್ಕಲ್ ಎಂಬ ಆ ಅಂಕಿಗಳು ದಪ್ಪ ಜಮಖಾನೆಯೊಳಗಿನ ಧೂಳನ್ನು ಎಳೆಯಲು ಬೇಕಾಗಬಹುದು. ನುಣುಪಾದ ಟೈಲಿನ ಮೇಲಿನ ಕೂದಲು, ಧೂಳು, ಅಕ್ಕಿಕಾಳಿಗೆ ಅಷ್ಟು ಬೇಕಿಲ್ಲ. ಹಾಗೆಂದು ಹೀರುವ ಭಾಗವೇ ಇಲ್ಲದ, ಬರೀ ಒರೆಸುವ ಯಂತ್ರವನ್ನು ಕೊಂಡರೆ ಪ್ರತಿದಿನ ಮೊದಲು ಪೊರಕೆ ಹಿಡಿಯಲೇಬೇಕು. ಧೂಳಿನ ಮೇಲೆ ಒದ್ದೆ ಬಟ್ಟೆ ಎಳೆದರೆ ಕೆಸರಾಗುವುದು ಎಲ್ಲ ಗೃಹಿಣಿಯರೂ ಬಲ್ಲ ಸಂಗತಿ. ಮುಂದೆ ಹೀರುತ್ತ ಹಿಂದೆ ಒರೆಸುತ್ತ ಹೋಗುವ ಜೋಡಿ ಯಂತ್ರವೇ ನಮ್ಮ ಮನೆಗಳಿಗೆ ಹೊಂದತಕ್ಕದ್ದು.

ಒರೆಸುವುದರಲ್ಲಿ ನಾಲ್ಕು ಬಗೆಗಳುಂಟು. ಎಲ್ಲಕ್ಕಿಂತ ಅಗ್ಗದ್ದು, ಹೊಟ್ಟೆಯ ಕೆಳಗೆ ಒಂದು ಒದ್ದೆ ಬಟ್ಟೆಯನ್ನು ಅಂಟಿಸಿಕೊಂಡು ಎಳೆದುಕೊಂಡು ಹೋಗುವಂಥದು. ಇದು ಉಜ್ಜುವುದಿಲ್ಲ, ಸವರುತ್ತದೆ. ದಿನವೂ ಓಡಿಸಿದರೆ ಧೂಳು ಕೂರದಂತೆ ನೋಡಿಕೊಳ್ಳುತ್ತದೆ. ಆದರೆ ನಿನ್ನೆ ಚೆಲ್ಲಿ ಒಣಗಿದ ಚಹದ ಕಲೆಯ ಮೇಲೆ ಮೂರು ಸಲ ಹಾದುಹೋದರೂ ಕಲೆ ಕಲೆಯಾಗಿಯೇ ಉಳಿಯುವುದನ್ನು ನಾವು ಕಣ್ಣಾರೆ ಕಂಡೆವು. ಎರಡನೆಯದರಲ್ಲಿ ಬಟ್ಟೆಯ ಹಲಗೆ ಬಲು ವೇಗವಾಗಿ ಅದುರುತ್ತದೆ. 2021ರಲ್ಲಿ ಬಂದ ರೋಬೊರಾಕ್ ಕಂಪನಿಯ ಎಸ್7 ಎಂಬುದರ ಹಲಗೆ ನಿಮಿಷಕ್ಕೆ ಮೂರು ಸಾವಿರ ಸಲ ಅದುರುವುದೆಂದು ಕಂಪನಿಯವರ ಹೇಳಿಕೆ. ಮೂರನೆಯದರಲ್ಲಿ ಎರಡು ದುಂಡು ಬಟ್ಟೆಗಳು ನೆಲವನ್ನು ಒತ್ತಿಕೊಂಡು ಗಿರಗಿರನೆ ತಿರುಗುತ್ತವೆ. ನಾಲ್ಕನೆಯದು ಈಚಿನದು, ರೊಟ್ಟಿ ಲಟ್ಟಿಸುವ ಲಟ್ಟಣಿಗೆಯಂತೆ ಉದ್ದನೆಯ ಉರುಳೆ ತಿರುಗುತ್ತಿರುತ್ತದೆ, ಅದರ ಮೇಲೆ ಸ್ವಚ್ಛ ನೀರು ಬಿದ್ದು ಕೊಳೆನೀರು ಆಗಿಂದಾಗಲೇ ಬೇರೆ ತೊಟ್ಟಿಗೆ ಹೋಗುತ್ತದೆ. ಮೊದಲ ಮೂರು ಬಗೆಗಳಲ್ಲಿ ಅಡಿಗೆಮನೆಯ ಜಿಡ್ಡು ಬಟ್ಟೆಗೆ ಹತ್ತಿದರೆ ಬಟ್ಟೆ ತೊಳೆಯುವವರೆಗೂ ಅದೇ ಜಿಡ್ಡು ಪಡಸಾಲೆಗೂ ಬರುವ ಸಂಭವವುಂಟು. ಹಾಗಾಗಿ ಅಡಿಗೆಮನೆಯನ್ನು ಕೊನೆಗೆ ಒರೆಸುವಂತೆ ಕ್ರಮ ಹಾಕಿಕೊಡುವ ಸೌಕರ್ಯವಿದೆಯೇ ಎಂದು ಅಂಗಡಿಯಲ್ಲಿ ಕೇಳಬೇಕು.

ಒಗ್ಗರಣೆ ಸಿಡಿಯುವ, ಮಕ್ಕಳು ಹಾಲು ಚೆಲ್ಲುವ ಮನೆಗೆ ತಿರುಗುವ ಬಟ್ಟೆಯ ಯಂತ್ರಕ್ಕಿಂತ ಕಡಮೆಯದು ಸಾಲದೆಂಬುದು ನಮ್ಮ ಅಭಿಪ್ರಾಯ. ಇಬ್ಬರೇ ವೃದ್ಧರಿರುವ ಮನೆಗೆ ಅದುರುವ ಹಲಗೆಯದು ಸಾಕು.

ಇನ್ನು ನೆಲದ ವಿಷಯ. ಹೊಸ ಕಟ್ಟಡಗಳ ಎರಡಡಿ ಚೌಕದ ವಿಟ್ರಿಫೈಡ್ ಟೈಲು ಈ ಯಂತ್ರಕ್ಕೆ ಹೇಳಿ ಮಾಡಿಸಿದ ನೆಲ. ಹಳೆಯ ಮೊಸಾಯಿಕ್ ನೆಲವೂ ತೊಂದರೆ ಕೊಡುವುದಿಲ್ಲ. ತೊಡಕು ಬರುವುದು ನಮ್ಮ ಕಡೆಯಿಂದಲೇ ಬಂದ ಶಹಾಬಾದ್ ಕಲ್ಲಿನಲ್ಲಿ. ಕಲಬುರಗಿ ಜಿಲ್ಲೆಯ ಈ ಫರಶಿ ಹಳೆಯ ಚಾಳುಗಳ ಪಡಸಾಲೆ, ಮೋರಿ, ಓಣಿಗಳಲ್ಲೆಲ್ಲ ಇಂದಿಗೂ ಇದೆ. ಮೈ ಒರಟು, ಸಂದುಗಳು ಅಗಲ, ಒಂದು ಕಲ್ಲು ಏರಿದರೆ ಇನ್ನೊಂದು ಇಳಿದಿರುತ್ತದೆ. ಇಂಥಲ್ಲಿ ಯಂತ್ರ ಮೇಲ್ಮೈ ಸವರೀತೇ ಹೊರತು ಸಂದಿನ ಮಣ್ಣು ಸಂದಿನಲ್ಲೇ. ಪಾಲಿಷ್ ಮಾಡಿಸಿದ ಕಲ್ಲಾದರೆ ಅಡ್ಡಿಯಿಲ್ಲ. ಶಹಾಬಾದ್, ಕೋಟಾ, ಅಮೃತಶಿಲೆ ಮೂರೂ ಸುಣ್ಣದ ಜಾತಿಯವು. ಆಮ್ಲ ತಗುಲಿದರೆ ಹೊಳಪು ಸತ್ತುಹೋಗುತ್ತದೆ. ಆದುದರಿಂದ ನಿಂಬೆಹುಳಿ, ವಿನಿಗರ್, ಟಾಯ್ಲೆಟ್ಟಿನ ಆ್ಯಸಿಡ್ ಯಾವುದನ್ನೂ ಯಂತ್ರದ ನೀರಿಗೆ ಹಾಕಬಾರದು.

ಕಪ್ಪು ಕಡಪ ಕಲ್ಲಿನ ಬಗೆಗೆ ಒಂದು ವಿಚಿತ್ರವನ್ನು ಹೇಳಲೇಬೇಕು. ಮೆಟ್ಟಿಲಿನಿಂದ ಉರುಳಿ ಬೀಳದಿರಲೆಂದು ಯಂತ್ರದ ಹೊಟ್ಟೆಯಡಿ ಕಣ್ಣುಗಳಿರುತ್ತವೆ. ಅವು ಕಾಣದ ಬೆಳಕನ್ನು ನೆಲಕ್ಕೆ ಬಿಟ್ಟು, ಅದು ಮರಳಿ ಬಂದರೆ ನೆಲವಿದೆಯೆಂದೂ ಬಾರದಿದ್ದರೆ ಹಳ್ಳವಿದೆಯೆಂದೂ ತಿಳಿಯುತ್ತವೆ. ಕಡುಗಪ್ಪು ಕಲ್ಲು ಬೆಳಕನ್ನು ನುಂಗಿಬಿಡುವುದರಿಂದ ಕೆಲವು ಯಂತ್ರಗಳು ಅದನ್ನು ಹಳ್ಳವೆಂದೇ ಭ್ರಮಿಸಿ ಹಿಂದೆ ಸರಿಯುತ್ತವೆ. ಹೊಸ್ತಿಲಿಗೆ ಕಪ್ಪು ಪಟ್ಟಿ ಹಾಕಿಸಿದ ಒಂದು ಮನೆಯಲ್ಲಿ ಯಂತ್ರ ಮಡಿವಂತ ಅತಿಥಿಯ ಹಾಗೆ ಅಡಿಗೆಮನೆಯ ಬಾಗಿಲವರೆಗೆ ಬಂದು ನಿಂತು ಹಿಂದಿರುಗುತ್ತಿತ್ತು! ಅಂಥ ನೆಲವಿರುವವರು ಮನೆಯಲ್ಲೇ ಓಡಿಸಿ ನೋಡಿ, ಹೊಂದದಿದ್ದರೆ ಹಿಂದಿರುಗಿಸುವ ಷರತ್ತಿನ ಮೇಲೆ ಮಾತ್ರ ಕೊಳ್ಳುವುದು ಲೇಸು.

ಅಂಗಡಿಗೆ ಹೋಗುವ ಮೊದಲು ಅಳತೆಪಟ್ಟಿ ಹಿಡಿದು ಮನೆಯನ್ನೊಮ್ಮೆ ಸುತ್ತಬೇಕು. ನೆತ್ತಿಯ ಮೇಲೆ ಪುಟ್ಟ ಗೋಪುರವಿರುವ ಯಂತ್ರಗಳು ಸುಮಾರು 10 ಸೆಂಟಿಮೀಟರ್ ಎತ್ತರ ಇರುತ್ತವೆ. ಮಂಚ, ಕಪಾಟು, ಸೋಫಾಗಳ ಕೆಳಗೆ 11 ಸೆಂಟಿಮೀಟರಾದರೂ ತೆರವಿರಬೇಕು. ಹೊಸ್ತಿಲು 2 ಸೆಂಟಿಮೀಟರನ್ನು ಮೀರಿದರೆ ಬಹುತೇಕ ಯಂತ್ರಗಳಿಗೆ ಅದು ಬೆಟ್ಟ. ಬಚ್ಚಲಿನ ನೆಲ ತಗ್ಗಿನಲ್ಲಿರುವುದರಿಂದ ಅಲ್ಲಿಗೆ ಅದು ಇಳಿಯುವುದಿಲ್ಲ, ಇಳಿಯಲೂಬಾರದು. ಕಾಲೊರಸಿನ ಗೊಂಡೆ, ಚಾಪೆಯ ಅಂಚು, ಫೋನಿನ ತಂತಿ, ಮಕ್ಕಳ ಕಾಲುಚೀಲ ಇವೆಲ್ಲ ಅದರ ಕುಂಚಕ್ಕೆ ಸುತ್ತಿಕೊಳ್ಳುವ ವೈರಿಗಳು. ಬಾಗಿಲ ರಂಗೋಲಿಯನ್ನಂತೂ ಅದು ಕಸವೆಂದೇ ತಿಳಿದು ಒರೆಸಿಹಾಕುತ್ತದೆ. ಫೋನಿನಲ್ಲಿ ಮನೆಯ ನಕ್ಷೆಯ ಮೇಲೆ ಗೆರೆ ಎಳೆದು ಅಲ್ಲಿಗೆ ಹೋಗದಂತೆ ಕಟ್ಟು ಹಾಕುವ ಸೌಕರ್ಯವಿರುವುದನ್ನೇ ಆರಿಸಬೇಕು. ದೇವರ ಮುಂದೆ ನೆಲದ ಮೇಲೆ ದೀಪವಿಡುವ ಮನೆಯವರಿಗೆ ಇದು ಬೇಕೇ ಬೇಕು.

ಆ ನಕ್ಷೆ ಬರೆಯುವುದು ಮೇಲಿನ ಗೋಪುರದೊಳಗಿನ ಲೇಸರ್ ಕಣ್ಣು. ಅದು ಸುತ್ತಲೂ ತಿರುಗಿ ಗೋಡೆ ಎಷ್ಟು ದೂರವೆಂದು ಅಳೆಯುತ್ತದೆ. ಕತ್ತಲೆಯಲ್ಲಿಯೂ ಕೆಲಸ ಮಾಡುತ್ತದೆ. ತೀರ ಅಗ್ಗದ ಯಂತ್ರಗಳಲ್ಲಿ ಇದಿರುವುದಿಲ್ಲ. ಅವು ಮಾಡಿದ್ದನ್ನೇ ಮಾಡುತ್ತ ಒಂದು ಮೂಲೆಯನ್ನು ಮರೆತುಬಿಡುತ್ತವೆ. ಕ್ಯಾಮೆರಾ ಇರುವ ಯಂತ್ರಗಳು ನೆಲದ ಮೇಲಿನ ತಂತಿ, ಚಪ್ಪಲಿಗಳನ್ನು ಗುರುತಿಸುವುದರಲ್ಲಿ ಮೇಲು. ಆದರೆ ಮಲಗುವ ಕೋಣೆಯವರೆಗೂ ತಿರುಗಾಡುವ ಕ್ಯಾಮೆರಾ ಬೇಕೇ ಎಂದು ಮನೆಯ ಹೆಂಗಸರನ್ನು ಕೇಳಿಯೇ ನಿರ್ಧರಿಸಬೇಕು. 2024ರಲ್ಲಿ ಅಮೆರಿಕದ ಕೆಲವು ಮನೆಗಳಲ್ಲಿ ಇಕೊವ್ಯಾಕ್ಸ್ ಕಂಪನಿಯ ಇಂಥ ಯಂತ್ರಗಳನ್ನು ಹೊರಗಿನವರು ಅಂತರಜಾಲದ ಮೂಲಕ ವಶಪಡಿಸಿಕೊಂಡು, ಅವುಗಳ ಬಾಯಿಂದಲೇ ಮನೆಯವರನ್ನು ಬೈದ ಸಂಗತಿ ಪತ್ರಿಕೆಗಳಲ್ಲಿ ಬಂದಿತ್ತು. ನಾವಂತೂ ಲೇಸರ್ ಸಾಕೆನ್ನುತ್ತೇವೆ.

ಫಿನಾಯಿಲ್ ಹಾಕಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಒಂದು ಅಂಗಡಿಯಾತ "ಏನು ಬೇಕಾದರೂ ಹಾಕಿ ಸಾರ್" ಎಂದ. ಪುಸ್ತಿಕೆ ಬಿಡಿಸಿ ತೋರಿಸಿದಾಗ ಸುಮ್ಮನಾದ. ಫಿನಾಯಿಲ್, ಬ್ಲೀಚ್ ಮುಂತಾದವು ಒಳಗಿನ ಸಣ್ಣ ಪಂಪನ್ನೂ ರಬ್ಬರನ್ನೂ ಕೆಡಿಸುತ್ತವೆ, ಗ್ಯಾರಂಟಿಯೂ ಹೋಗುತ್ತದೆ. ಕಂಪನಿ ಒಪ್ಪಿದ ದ್ರಾವಣ ನಾಲ್ಕು ಹನಿ, ಇಲ್ಲವೇ ಬರೀ ನೀರು. ಬೋರ್‌ವೆಲ್ಲಿನ ಗಡಸು ನೀರಾದರೆ ಸುಣ್ಣ ಕಟ್ಟಿ ನೀರಿನ ತೂತು ಮುಚ್ಚುತ್ತದೆ. ಅಂಥವರು ಶುದ್ಧೀಕರಣದ ಫಿಲ್ಟರಿನಿಂದ ಬಂದ ನೀರನ್ನೇ ತುಂಬಬೇಕು. ಯಂತ್ರದ ಒಡಲಿನ ತೊಟ್ಟಿ ಹೆಚ್ಚಾಗಿ ಕಾಲು ಲೀಟರಿನ ಆಸುಪಾಸು. ಬಕೀಟಿನ ಒರೆಸಿಗೆ ಹೋಲಿಸಿದರೆ ಬಹಳ ಕಡಮೆ ನೀರು. ಇದರಿಂದ ನೆಲ ಬೇಗ ಆರುತ್ತದೆ. ಮುದುಕರು ಒದ್ದೆ ನೆಲದ ಮೇಲೆ ಜಾರಿ ಸೊಂಟ ಮುರಿದುಕೊಳ್ಳುವ ಭಯವಿರುವ ಮನೆಗೆ ಈ ಯಂತ್ರದ ದೊಡ್ಡ ಗುಣ ಇದೇ ಎಂದು ನಮಗೆ ತೋರುತ್ತದೆ. ಆದರೆ ಯಂತ್ರವೇ ಕಾಲಿಗೆ ತೊಡರಬಹುದಾದ್ದರಿಂದ ಅಜ್ಜಿ ಕುಳಿತಿರುವ ಹೊತ್ತು ನೋಡಿ ಓಡಿಸಬೇಕು.

ಬಟ್ಟೆಯನ್ನು ತಾನೇ ತೊಳೆದುಕೊಂಡು, ಬಿಸಿಗಾಳಿಯಿಂದ ಒಣಗಿಸಿಕೊಳ್ಳುವ ಪೀಠವುಳ್ಳ ಯಂತ್ರಗಳೂ ಇವೆ. ಬೆಲೆ ಅರ್ಧ ಲಕ್ಷದಿಂದ ಮೇಲೆ, ಲಕ್ಷವನ್ನು ದಾಟುವುದೂ ಉಂಟು. ಪೀಠವೂ ಒಂದು ಸಣ್ಣ ಟ್ರಂಕಿನಷ್ಟು ಜಾಗ ಕೇಳುತ್ತದೆ. ಒಂದು ಕೋಣೆ, ಒಂದು ಪಡಸಾಲೆಯ ಮನೆಯಲ್ಲಿ ಅಷ್ಟು ಜಾಗ ಎಲ್ಲಿಂದ ಬರಬೇಕು? ಪೀಠವಿಲ್ಲದ್ದನ್ನು ಕೊಂಡವರು ಪ್ರತಿ ಸಲ ಬಟ್ಟೆ ಬಿಚ್ಚಿ, ಒಗೆದು, ಹರವಬೇಕು. ಐದು ನಿಮಿಷದ ಕೆಲಸ. ಮಾಡದಿದ್ದರೆ ಮುಂಬಯಿಯ ಮಳೆಗಾಲದಲ್ಲಿ ಎರಡೇ ದಿನಕ್ಕೆ ಮುಗ್ಗಲು ವಾಸನೆ ಹೊಡೆದು ಅದೇ ವಾಸನೆಯನ್ನು ಮನೆಗೆಲ್ಲ ಬಳಿದಂತಾಗುತ್ತದೆ. ಎರಡು ಮೂರು ಜೊತೆ ಬಟ್ಟೆ ಇಟ್ಟುಕೊಂಡರೆ ಪೀಠದ ಹಂಗಿಲ್ಲ. ಮೊಣಕಾಲಷ್ಟೇ ಅಲ್ಲ, ಕೈಬೆರಳೂ ಬಾಗದ ಸಂಧಿವಾತದವರಿದ್ದು, ಮನೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೆ ಮಾತ್ರ ಪೀಠಕ್ಕೆ ಹಣ ಹಾಕುವುದು ಯುಕ್ತ.

ಲೆಕ್ಕವನ್ನೂ ಹಾಕಿಬಿಡೋಣ, ಅದು ನಮ್ಮ ಕಸುಬು. ಲೇಸರ್ ಕಣ್ಣಿನ, ಪೀಠವಿಲ್ಲದ ಯಂತ್ರಕ್ಕೆ 24,000 ರೂಪಾಯಿ ಎಂದೂ, ನಾಲ್ಕು ವರ್ಷ ಬಾಳುವುದೆಂದೂ ಹಿಡಿದರೆ ತಿಂಗಳಿಗೆ 500. ಬಟ್ಟೆ, ಕುಂಚ, ಫಿಲ್ಟರುಗಳಿಗೆ ವರ್ಷಕ್ಕೆ 2,400 ಎಂದರೆ ತಿಂಗಳಿಗೆ 200. ನಡುವೆ ಒಮ್ಮೆ ಬ್ಯಾಟರಿ ಬದಲಿಸಲು 3,000 ಎಂದಿಟ್ಟರೆ ತಿಂಗಳಿಗೆ ಅರವತ್ತರಷ್ಟು. ವಿದ್ಯುತ್ತಿನ ಭಯ ಬೇಡ: 14.4 ವೋಲ್ಟಿನ, 5,200 ಮಿಲಿಆಂಪ್ ಗಂಟೆಯ ಬ್ಯಾಟರಿ ಪೂರ್ತಿ ತುಂಬಲು ಒಂದು ಯೂನಿಟ್ಟಿನ ಹತ್ತನೆಯ ಒಂದು ಭಾಗದಷ್ಟು ಸಾಕು. ಅಂತೂ ತಿಂಗಳಿಗೆ ಎಂಟುನೂರರ ಒಳಗೆ. ಝಾಡು-ಪೋಛಾದ ಬಾಯಿಗೆ ಕೊಡುವ ಸಂಬಳ ಅದಕ್ಕಿಂತ ಹೆಚ್ಚಿರಬಹುದು. ಆದರೆ ಬಾಯಿ ಮೂಲೆ ಉಜ್ಜುತ್ತಾಳೆ, ಬಾಲ್ಕನಿ ತೊಳೆಯುತ್ತಾಳೆ, ಪಾತ್ರೆಯೂ ಆಗುತ್ತದೆ, ಗಣಪತಿ ಹಬ್ಬದ ಹಿಂದಿನ ದಿನ ಅಟ್ಟದ ಮೇಲಿನ ಡಬ್ಬಿಗಳನ್ನು ಇಳಿಸುತ್ತಾಳೆ. ಯಂತ್ರ ಇದಾವುದನ್ನೂ ಮಾಡದು. ಹತ್ತು ವರ್ಷ ಬಂದವಳನ್ನು ಯಂತ್ರ ತಂದ ದಿನವೇ ನಿಲ್ಲಿಸುವ ಮನೆಗಳನ್ನು ನಾವು ಮೆಚ್ಚಲಾರೆವು. ನೆಲದ ಕೆಲಸ ಇಳಿಸಿ ಬೇರೆ ಕೆಲಸ ಕೊಟ್ಟ ಒಬ್ಬ ಸದಸ್ಯರ ಮನೆಯಲ್ಲಿ ಬಾಯಿಯ ಸೊಂಟಕ್ಕೂ ಬಿಡುವು ಸಿಕ್ಕಿದೆ.

ಕೊನೆಯದಾಗಿ ರಿಪೇರಿಯ ಮಾತು. ನಮ್ಮ ಪಿನ್‌ಕೋಡಿಗೆ ಕಂಪನಿಯ ಮನುಷ್ಯ ಬರುತ್ತಾನೆಯೇ, ಬಟ್ಟೆ, ಕುಂಚ, ಬ್ಯಾಟರಿ ಬಿಡಿಯಾಗಿ ಸಿಗುತ್ತವೆಯೇ ಎಂಬುದನ್ನು ಬಿಲ್ಲು ಮಾಡಿಸುವ ಮೊದಲೇ ಕೇಳಬೇಕು. ಅಮೆರಿಕದ ನೀಟೊ ಕಂಪನಿ 2023ರಲ್ಲಿ ಬಾಗಿಲು ಹಾಕಿತು. ರೂಂಬಾ ಹುಟ್ಟಿಸಿದ ಐರೋಬಾಟೇ 2025ರ ಡಿಸೆಂಬರಿನಲ್ಲಿ ದಿವಾಳಿ ಅರ್ಜಿ ಹಾಕಿತು. ಆದ್ದರಿಂದ ಫೋನು, ವೈಫೈ ಇಲ್ಲದಾಗಲೂ ಮೈಮೇಲಿನ ಗುಂಡಿ ಒತ್ತಿದರೆ ಓಡುವ ಯಂತ್ರವೇ ಒಳ್ಳೆಯದು. ಇವುಗಳಲ್ಲಿ ಅನೇಕ ಯಂತ್ರಗಳು 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಹೊಂದುತ್ತವೆ ಎಂಬುದನ್ನೂ ಗಮನಿಸಿರಿ. ಜೋಡಣೆಯಾಗಲಿಲ್ಲವೆಂದು ಕಂಪನಿಗೆ ದೂರು ಕೊಡುವ ಮೊದಲು ಮನೆಯ ರೌಟರನ್ನು ನೋಡಬೇಕು.

ಮಂಚ, ಹೊಸ್ತಿಲುಗಳ ಅಳತೆ ಬರೆದುಕೊಳ್ಳಲು ಒಂದು ಚೀಟಿಯನ್ನು ಅಚ್ಚು ಹಾಕಿಸಿ ವಾಚನಾಲಯದ ಮೇಜಿನ ಮೇಲೆ ಇಟ್ಟಿದ್ದೇವೆ. ಅಳತೆಪಟ್ಟಿಯೂ ಅಲ್ಲೇ ಇದೆ. ಒಯ್ದವರು ರಿಜಿಸ್ಟರಿನಲ್ಲಿ ಹೆಸರು ಬರೆದು, ಮರುದಿನ ಸಂಜೆಯೊಳಗೆ ತಂದಿಡಬೇಕಾಗಿ ವಿನಂತಿ.