ಬೇನೆ ತಿನ್ನುವವಳಿಗೆ ಮೊದಲೇ ಹೇಳಬೇಡವೇ?

ಹೆರಿಗೆ ನೋವು ಹೆತ್ತವಳಿಗೇ ಗೊತ್ತು. ಆದರೆ ಆ ನೋವಿಗೂ ಮದ್ದಿದೆ ಅಂತ ಎಷ್ಟು ಬಸುರಿಯರಿಗೆ ಗೊತ್ತು?

ಮದ್ದಿನ ಹೆಸರು ಎಪಿಡ್ಯೂರಲ್. ಕೆಳಬೆನ್ನನ್ನು ಮರಗಟ್ಟಿಸಿ, ಬೆನ್ನುಮೂಳೆಗಳ ಸಂದಿಯಲ್ಲಿ ಸೂಜಿ ಹಾಕಿ, ದಾರದಂಥ ನಳಿಗೆ ಇಳಿಬಿಟ್ಟು ಸೂಜಿ ತೆಗೆಯುತ್ತಾರೆ. ನಳಿಗೆಯಲ್ಲಿ ಔಷಧಿ ಹೋದ ಮೇಲೆ ಸುಮಾರು 20 ನಿಮಿಷಕ್ಕೆ ನೋವು ಇಳಿಯುತ್ತದೆ. ತಾಯಿಗೆ ಎಚ್ಚರವಿರುತ್ತದೆ, ಮಗುವಿನ ಮೊದಲ ಅಳು ಕೇಳಬಹುದು.

‘ಸೊಂಟ ಜೀವಮಾನವೆಲ್ಲ ನೋಯುತ್ತೆ’, ‘ಆಮೇಲೆ ಸಿಸೇರಿಯನ್ನೇ ಗತಿ’ ಅನ್ನುವವರುಂಟು. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿನೋಡಿದ 2018ರ ಕಾಕ್ರೇನ್ ವರದಿಯಲ್ಲಿ ಈ ಎರಡು ಮಾತಿಗೂ ಆಧಾರ ಸಿಕ್ಕಿಲ್ಲ.

ಹಾಗಂತ ತೊಂದರೆಯೇ ಇಲ್ಲವೆಂದಲ್ಲ. ಬಿ.ಪಿ. ಇಳಿಯಬಹುದು, ಕಾಲು ಜೋಮು ಹಿಡಿಯಬಹುದು, ಜ್ವರ ಬರಬಹುದು. ಮುಕ್ಕುವ ಹೊತ್ತು ಉದ್ದವಾದೀತು. ಸುಮಾರು 100ರಲ್ಲಿ ಒಬ್ಬರಿಗೆ ಜೋರು ತಲೆನೋವು ಬರುತ್ತದೆ. ರಕ್ತ ಸರಿಯಾಗಿ ಹೆಪ್ಪುಗಟ್ಟದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಅನಸ್ತೇಷಿಯಾ ಡಾಕ್ಟರು ಇರಲೇಬೇಕು. ಎಲ್ಲ ಆಸ್ಪತ್ರೆಯಲ್ಲೂ ಹಗಲುರಾತ್ರಿ ಅವರು ಸಿಗುವುದಿಲ್ಲ.

ಇಷ್ಟನ್ನೂ ಹೇಳುವುದು ಯಾವಾಗ? ಬೇನೆ ಹತ್ತಿ ಒದ್ದಾಡುವವಳ ಮುಂದೆ ಕಾಗದ ಹಿಡಿದು ‘ಸಹಿ ಹಾಕಮ್ಮಾ’ ಅಂದರೆ ಅವಳ ತಲೆಗೆ ಏನು ಹೋದೀತು? ಸೀಮಂತಕ್ಕೆ ಸೀರೆ, ಬಳೆ ಆರಿಸುವ ತಿಂಗಳಲ್ಲೇ ತಪಾಸಣೆಗೆ ಹೋದಾಗ ಕೇಳಿಬಿಡಿ: ಈ ಸೌಲಭ್ಯ ಇಲ್ಲಿದೆಯಾ? ರಾತ್ರಿ ಡಾಕ್ಟರು ಇರ್ತಾರಾ? ಖರ್ಚೆಷ್ಟು? ನನಗೆ ಆಗಿಬರುತ್ತಾ?

ಕೇಳಿದ ಆರೋಗ್ಯವಂತ ಗರ್ಭಿಣಿಗೆ ಇದನ್ನು ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ. ಕೇಳಬೇಕಾದರೆ ಮೊದಲು ತಿಳಿದಿರಬೇಕಲ್ಲ! ಗಂಡ, ಅತ್ತೆ, ಅಮ್ಮ ಯಾರು ಏನೇ ಅನ್ನಲಿ, ನೋವು ತಿನ್ನುವವಳು ಅವಳು. ಬೇಕು, ಬೇಡ ಅನ್ನುವ ಮಾತೂ ಅವಳದೇ.